ಅಣ್ಣನ ಗಾಡಿಗೆ ನಾನು ಜೆಟ್ ಹಾಕಿದ್ದು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ತವರಿನಲ್ಲಿ ಎಲ್ಲರೂ ಹೇಳುತ್ತಾರೆ. ಹಾಗೇನಿಲ್ಲ ಎಂದು ಹೇಳಹೊರಟರೆ ದನಿ ಏರಿ ಅವರ ಮಾತೇ ನಿಜವಾಗಿಬಿಡುತ್ತದೆ. ಹಾಗಾಗಿ ನೀನು ತಪ್ಪು ಮಾಡಿದ್ದೀಯೆ ಎಂದು ನನ್ನ ಎದುರು ನಿಂತು ಹೇಳಿದವರು ಆ ಮನೆಯಲ್ಲಿ ಯಾರೂ ಇಲ್ಲ. ಹೇಳಿದರೆ ಮೂರು ದಿನ ಮಾತು ಬಿಡುತ್ತಾಳೆ ಎಂಬ ಭಯ. ಚಿಕ್ಕಂದಿನಲ್ಲಿ ಹಾಗೆ ಬಿಟ್ಟಿದ್ದೂ ಉಂಟು. ಆಗೆಲ್ಲ ಊಟದ ಹೊತ್ತಿಗೆ ಹಿತ್ತಲಿಗೆ ಬಂದು ನನ್ನನ್ನು ಪುಸಲಾಯಿಸಿ ಕರೆದುಕೊಂಡು ಹೋಗುತ್ತಿದ್ದವನು ಅಣ್ಣ ಒಬ್ಬನೇ.

ಅಣ್ಣ ಉಡುತಡಿಯಲ್ಲಿ ಕುರಿ ಸಾಕಿಕೊಂಡಿದ್ದಾನೆ. ನಾನು ಶಿರಾಳಕೊಪ್ಪದಲ್ಲಿ ಹೈಸ್ಕೂಲಿನ ವಿಜ್ಞಾನದ ಟೀಚರು. ಅವನು ಮೀಸೆ ಬರುವ ವಯಸ್ಸಿನಲ್ಲಿ ಎಲ್ಲಿಂದಲೋ ಒಂದು ಹಳೆಯ ಟೂ ಸ್ಟ್ರೋಕ್ ಬೈಕು ತಂದಿದ್ದ. ಲೈಟು, ಮಡ್‌ಗಾರ್ಡು ಎಲ್ಲ ಕಿತ್ತು, ಗುಬಟು ಗುಬಟಾದ ಟೈರು ಹಾಕಿಸಿ, ಸೈಲೆನ್ಸರನ್ನು ಮೇಲಕ್ಕೆ ಎತ್ತಿ ಕಟ್ಟಿ, ಅದನ್ನು ಹೊಲದಲ್ಲಿ ಓಡುವ ಗಾಡಿ ಮಾಡಿದ. ಆಗ ಭತ್ತದ ಕೊಯ್ಲು ಮುಗಿದ ಮೇಲೆ ಸುತ್ತಲ ಊರಿನ ಹುಡುಗರು ಕೂಳೆ ಗದ್ದೆಗಳಲ್ಲಿ ಬೈಕಿನ ಪಂದ್ಯ ಕಟ್ಟುತ್ತಿದ್ದರು. ಒಂದು ದಿನ ಅವನು, "ಗಾಡಿ ಯಾಕೋ ಕೆಮ್ತೈತಿ" ಎಂದು ತಲೆ ಕೆರೆದುಕೊಂಡಾಗ, ಪಿಯುಸಿ ಓದುತ್ತಿದ್ದ ನಾನು ದೊಡ್ಡ ಪಂಡಿತೆಯಂತೆ, "ಪೆಟ್ರೋಲ್ ಜಾಸ್ತಿ, ಗಾಳಿ ಕಮ್ಮಿ" ಅಂದೆ. ಅವನು ನಂಬಿದ. ಅವತ್ತಿನಿಂದ ಓಡಿಸುವುದು ಅವನ ಪಾಲಿಗೆ, ಜೆಟ್ ಕೂಡಿಸುವುದು ನನ್ನ ಪಾಲಿಗೆ ಬಂತು.

ಜೆಟ್ ಎಂದರೇನೆಂದು ಗೊತ್ತಿಲ್ಲದವರಿಗೆ ಎರಡು ಮಾತು ಹೇಳುತ್ತೇನೆ, ಪಾಠ ಮಾಡುವ ಚಟ ಬಿಡುವುದಿಲ್ಲ. ಗಾಳಿಯೂ ಪೆಟ್ರೋಲೂ ಬೆರೆಯುವ ಜಾಗ ಕಾರ್ಬೊರೇಟರ್. ಅಲ್ಲಿಗೆ ಪೆಟ್ರೋಲು ಬರುವುದು ಹಿತ್ತಾಳೆಯ ಪುಟ್ಟ ತಿರುಪುಗಳ ನಡುವಿನ ಕೂದಲೆಳೆಯಂಥ ತೂತಿನಿಂದ. ಅವೇ ಜೆಟ್ಟು. ನಿಧಾನ ಹೋಗುವಾಗಿನದು ಪೈಲಟ್ ಜೆಟ್, ಥ್ರಾಟಲ್ ಪೂರ್ತಿ ತಿರುವಿದಾಗಿನದು ಮೇನ್ ಜೆಟ್. ನಡುವಿನ ಲೆಕ್ಕ ನೋಡಿಕೊಳ್ಳಲು ಒಂದು ಉದ್ದನೆಯ ಸೂಜಿ ಇರುತ್ತದೆ. ಅದರ ತಲೆಯ ಹತ್ತಿರ ಐದು ಗೀರು, ಒಂದು ಗೀರಿನಲ್ಲಿ ಒಂದು ಕ್ಲಿಪ್ಪು. ಕ್ಲಿಪ್ಪು ಕೆಳಗಿನ ಗೀರಿಗೆ ಹೋದಷ್ಟೂ ಸೂಜಿ ಮೇಲೇಳುತ್ತದೆ, ಪೆಟ್ರೋಲು ಜಾಸ್ತಿ ಹರಿಯುತ್ತದೆ.

ಪೆಟ್ರೋಲು ಹೆಚ್ಚಾದರೆ ಗಾಡಿ ಕೆಮ್ಮುತ್ತದೆ, ಹೊಗೆ ಕಕ್ಕುತ್ತದೆ, ಪ್ಲಗ್ಗು ಬಿಚ್ಚಿದರೆ ಕಪ್ಪಗೆ ಒದ್ದೆಯಾಗಿರುತ್ತದೆ. ಕಡಿಮೆಯಾದರೆ ಹಗುರವಾಗಿ ಹಾರುತ್ತದೆ, ಕೇಳಲು ಬಲು ಚಂದ, ಆದರೆ ಒಳಗೆ ಕಾಯುತ್ತದೆ. ಟೂ ಸ್ಟ್ರೋಕಿನಲ್ಲಿ ಆಯಿಲ್ಲೂ ಪೆಟ್ರೋಲಿನ ಜೊತೆಗೇ ಬೆರೆತು ಬರುವುದರಿಂದ, ಪೆಟ್ರೋಲು ಕಮ್ಮಿ ಎಂದರೆ ಆಯಿಲ್ಲೂ ಕಮ್ಮಿ. ಆಗ ಪಿಸ್ಟನ್ನು ಸಿಲಿಂಡರನ್ನು ಕಚ್ಚಿ ಹಿಡಿದುಬಿಡುತ್ತದೆ. ಎಲ್ಲ ಹದವಾಗಿದ್ದರೆ ಪ್ಲಗ್ಗಿನ ಬಣ್ಣ ಹುರಿದ ಕಾಫಿ ಬೀಜದಂತೆ ಇರುತ್ತದೆ. ಹವೆ ಬದಲಾದರೆ ಈ ಹದವೂ ಬದಲಾಗುತ್ತದೆ. ಶಿಕಾರಿಪುರದ ಕಡೆಯ ಒಣ ಗಾಳಿಗೆ ಕೂಡಿಸಿದ ಜೆಟ್ಟು ಸೊರಬದ ಕಡೆ ಬೆಳಗಿನ ತೇವದಲ್ಲಿ ಭಾರವಾಗುತ್ತಿತ್ತು. ನಾನು ಪಂದ್ಯದ ಗದ್ದೆಗೆ ಇಳಿದ ಕೂಡಲೇ ಗಾಳಿ ಮೂಸಿ ನೋಡುತ್ತಿದ್ದೆ ಎಂದು ಅಣ್ಣ ಇವತ್ತಿಗೂ ಆಡಿಕೊಳ್ಳುತ್ತಾನೆ. ಮೂಸಿದ್ದು ಹೌದು. ಗೆದ್ದದ್ದೂ ಹೌದು.

ಆಮೇಲೆ ನನಗೆ ಮದುವೆಯಾಯಿತು, ಪಂದ್ಯಗಳು ನಿಂತವು, ಗಾಡಿ ಕೊಟ್ಟಿಗೆಯಲ್ಲಿ ಗೋಣಿಚೀಲ ಹೊದ್ದು ಮಲಗಿತು. ಎರಡು ವರ್ಷದ ಹಿಂದೆ ಅಣ್ಣ ಕೆರೆಯಂಗಳದಲ್ಲಿ ಕುರಿ ಮೇಯಿಸುತ್ತಿದ್ದಾಗ ಕಾಲು ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡ. ಬೆಳಿಗ್ಗೆ ಬಿದ್ದವನನ್ನು ಯಾರೋ ನೋಡಿದ್ದು ಮಧ್ಯಾಹ್ನ. ಒಳಗೆ ರಾಡು ಹಾಕಿದರು. ನಡೆಯಬಹುದು, ಆದರೆ ಒಂದು ಮೈಲಿ ದಾಟಿದರೆ ಕಾಲು ಎಳೆಯುತ್ತದೆ. ಕುರಿ ಕಾಯುವವನಿಗೆ ಒಂದು ಮೈಲಿ ಯಾವ ಮೂಲೆಗೆ? ಆಗ ಅವನು ಗೋಣಿಚೀಲ ತೆಗೆದ. ಆ ಗಾಡಿಯ ಮೇಲೆ ಕೂತು, ಫಸ್ಟ್ ಗೇರಿನಲ್ಲಿ, ಕುರಿಗಳ ಮುಂದೆ ಕುರಿಗಳದೇ ವೇಗದಲ್ಲಿ ಹೋಗುವುದನ್ನು ಕಲಿತ. ಮೊದಮೊದಲು ಬೆದರಿದ ಕುರಿಗಳು ಆಮೇಲೆ ಅದರ ಹಿಂದೆ ನಡೆಯುವುದನ್ನು ಕಲಿತವು.

ಪ್ರತಿ ವರ್ಷ ಕೊಯ್ಲಾದ ಮೇಲೆ ನಮ್ಮ ಮನೆಯ ಕುರಿಗಳು ಜಡೆಗೆ ಹೋಗುತ್ತವೆ. ಅಲ್ಲಿಯ ಒಂದು ಮನೆಯವರ ಗದ್ದೆಯಲ್ಲಿ ಬಲೆ ಕಟ್ಟಿ, ರಾತ್ರಿ ಹೊತ್ತು ಕುರಿ ತರುಬುತ್ತೇವೆ. ದಿನಕ್ಕೊಂದು ಗದ್ದೆ. ಬೆಳಗಾಗುವುದರೊಳಗೆ ನೆಲಕ್ಕೆ ಬೇಕಾದ ಗೊಬ್ಬರ ಬಿದ್ದಿರುತ್ತದೆ. ಅಪ್ಪನ ಕಾಲದಿಂದ ನಡೆದುಬಂದದ್ದು. ಎರಡು ದಿನದ ದಾರಿ, ಮುಂದೆ ಒಬ್ಬರು, ಹಿಂದೆ ಒಬ್ಬರು. ಮುಂದೆ ಯಾವಾಗಲೂ ಅಣ್ಣ, ಹಿಂದೆ ಅತ್ತಿಗೆ. ಸೊಂಟ ಮುರಿದ ಮೇಲೆ ಎರಡು ಸಲವೂ ಹಿರೇಕೆರೂರಿನ ಕಡೆಯಿಂದ ಅತ್ತಿಗೆಯ ಅಣ್ಣ ಬಂದು ಹೊಡೆದುಕೊಂಡು ಹೋಗಿದ್ದ. ಅಷ್ಟೂ ದಿನ ಅಣ್ಣ ಮನೆಯಲ್ಲಿ ಕೂತು ಗೋಡೆ ನೋಡಿದ್ದ.

ಈ ವರ್ಷ ತಾನೇ ಹೋಗುತ್ತೇನೆ ಎಂದು ಅವನು ಹಟ ಹಿಡಿದ. ಅತ್ತಿಗೆ ನನಗೆ ಫೋನ್ ಮಾಡಿದಳು.

"ನೋಡು, ಈ ಸಲ ನಾನು ಹಿಂದ ಹೋಗಾಕಿಲ್ಲ. ನಾನು ಹೋದ್ರ ಇವರ ಪಾಲಿನ ನಡಿಗೀನೂ ನಾನೇ ನಡೀತೀನಿ, ಆಮ್ಯಾಲೆ ಆತಲ್ಲ ಅಂತಾರ. ನೀನು ಹೋಗು. ಕಣ್ಣಾರೆ ನೋಡು. ಆಗ್ತೈತಿ ಅಂದ್ರ ಕುರಿ ಇರ್ಲಿ. ಆಗಲ್ಲ ಅಂದ್ರ ಎಲ್ಲಾನೂ ನಮ್ಮ ಅಣ್ಣಗ ಒಪ್ಪಿಸಿಬಿಡಾನ. ಇನ್ನೊಂದು ಸಲ ಇವರು ಕೆರ್‍ಯಾಗ ಬಿದ್ದು ಮಧ್ಯಾಹ್ನದ ಮಟ ಯಾರೂ ನೋಡದೆ ಇದ್ರ ನಾನು ಬದುಕಾಕಿಲ್ಲ."

ಅತ್ತಿಗೆಯ ಮೇಲೆ ಸಿಟ್ಟು ಮಾಡಿಕೊಳ್ಳಲು ನಾನು ಪ್ರಯತ್ನಪಟ್ಟೆ. ಆಗಲಿಲ್ಲ. ಅವಳು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಅಣ್ಣನಿಗೂ ಈ ಷರತ್ತು ಗೊತ್ತಿತ್ತು. ಕುರಿ ಉಳಿಯುವುದೂ ಹೋಗುವುದೂ ನನ್ನ ಒಂದು ಮಾತಿನ ಮೇಲೆ ನಿಂತಿದೆ ಎಂಬುದೂ ಗೊತ್ತಿತ್ತು. ಕುರಿ ಇಲ್ಲದ ಅಣ್ಣನನ್ನು ನಾನು ಆ ಎರಡು ಸಲ ನೋಡಿದ್ದೆ, ಇನ್ನೊಮ್ಮೆ ನೋಡುವ ಮನಸ್ಸು ನನಗಿರಲಿಲ್ಲ.

ಶುಕ್ರವಾರ ಮಧ್ಯಾಹ್ನದ ಅರ್ಧ ದಿನಕ್ಕೂ ಶನಿವಾರಕ್ಕೂ ರಜೆ ಹಾಕಿ ಉಡುತಡಿಗೆ ಹೋದೆ. ಅಣ್ಣ ನನ್ನನ್ನು ಕಂಡು ಖುಷಿಗೆ ಗಾಡಿ ಸ್ಟಾರ್ಟ್ ಮಾಡಿ ತೋರಿಸಿದ. ಬುಡು ಬುಡು, ಬುಡ್, ಬುಡು. ನನಗೆ ಮೈ ಉರಿದುಹೋಯಿತು. ನನ್ನ ಕೈಯಲ್ಲಿ ಕಾಫಿ ಬೀಜದ ಬಣ್ಣ ಹಿಡಿದಿದ್ದ ಗಾಡಿ ಹೀಗೆ ಗೂರಲು ಬಂದವರಂತೆ ಕೆಮ್ಮುವುದೇ? ಹಿಂದೆ ನೋಡಿದರೆ ನೀಲಿ ಹೊಗೆ. ಪ್ಲಗ್ಗು ಬಿಚ್ಚಿದರೆ ಇದ್ದಿಲು. ಯಾವ ಮೆಕ್ಯಾನಿಕ್ಕಿನ ಕೈಗೆ ಕೊಟ್ಟಿದ್ದೆ ಎಂದು ಕೇಳಿದೆ.

"ಹಂಗೇ ಇರ್ಲಿ ಬಿಡು. ನಡೀತೈತಿ" ಅಂದ ಅಣ್ಣ.

ಇದು ಅವನ ಉದಾಸೀನ ಎಂದುಕೊಂಡೆ. ನನ್ನ ಹಳೆಯ ಜೆಟ್ಟಿನ ಡಬ್ಬಿ ತಂದಿದ್ದೆ. ಹಳೆ ಸೀರೆಯ ತುಂಡು ಹಾಸಿ ಕಾರ್ಬೊರೇಟರ್ ಬಿಚ್ಚಿದೆ. ಸೂಜಿಯ ಕ್ಲಿಪ್ಪು ಕೊನೆಯ ಗೀರಿನಲ್ಲಿತ್ತು, ಅದಕ್ಕಿಂತ ಕೆಳಗೆ ಜಾಗವೇ ಇಲ್ಲ. ಪೈಲಟ್ ಜೆಟ್ಟು ನಾನು ಹಾಕಿದ್ದಕ್ಕಿಂತ ಒಂದು ಸೈಜು ದೊಡ್ಡದು. ಯಾವನೋ ದಡ್ಡ ಎಂದು ಬಯ್ಯುತ್ತಲೇ ಕ್ಲಿಪ್ಪನ್ನು ಎರಡನೇ ಗೀರಿಗೆ ಏರಿಸಿದೆ, ಪೈಲಟ್ಟನ್ನು ಕಿತ್ತು ನನ್ನ ಚಿಕ್ಕದನ್ನು ಹಾಕಿದೆ. ನಿಧಾನ ಹೋಗುವಾಗ ಎಷ್ಟು ಗಾಳಿ ಬೆರೆಯಬೇಕೆಂದು ಗೊತ್ತುಮಾಡುವ ಗಾಳಿಯ ತಿರುಪನ್ನೂ ಬಿಚ್ಚಿ ಒರೆಸಿದೆ. ಎಷ್ಟು ಸುತ್ತು ತೆರೆದಿತ್ತು ಎಂದು ಎಣಿಸಿಕೊಂಡು ಬಿಚ್ಚುವುದು ಈ ಕೆಲಸದ ಮೊದಲ ಪಾಠ. ಸಿಟ್ಟಿನಲ್ಲಿ ನಾನು ಎಣಿಸಲಿಲ್ಲ.

ಶಿರಾಳಕೊಪ್ಪದ ರಸ್ತೆಯ ನೇರದಲ್ಲಿ ಪೂರ್ತಿ ತಿರುವಿ ಓಡಿಸಿ, ತಟ್ಟನೆ ಆಫ್ ಮಾಡಿ, ಪ್ಲಗ್ಗು ಬಿಚ್ಚಿ ನೋಡಿದೆವು. ಕಾಫಿ ಬೀಜ! ಗಾಡಿ ಸೀಟಿ ಹೊಡೆದಂತೆ ಓಡುತ್ತಿತ್ತು, ಹೊಗೆಯ ಸುಳಿವಿಲ್ಲ. ನನಗೆ ಮೂವತ್ತು ವರ್ಷ ಇಳಿದುಹೋದಂತಾಯಿತು. ಕೈಯೆಲ್ಲ ಪೆಟ್ರೋಲು ಮಾಡಿಕೊಂಡು ರಸ್ತೆಯಲ್ಲೇ ಚಪ್ಪಾಳೆ ತಟ್ಟಿದೆ, ಬಸ್ಸಿನವರು ತಿರುಗಿ ನೋಡಿದರು. ಅಣ್ಣ ನನ್ನ ಮುಖವನ್ನೇ ನೋಡುತ್ತಿದ್ದ. "ಚಲೋ ಆತು" ಅಂದ.

ಶನಿವಾರ ಬೆಳಿಗ್ಗೆ ಬಲೆ ತೆಗೆದು, ಎಪ್ಪತ್ತು ಕುರಿ, ಒಂದು ನಾಯಿ, ಗಾಡಿಯ ಮೇಲೆ ಅಣ್ಣ, ಹಿಂದೆ ಕೋಲು ಹಿಡಿದು ನಾನು. ಅತ್ತಿಗೆ ಬುತ್ತಿ ಕಟ್ಟಿಕೊಟ್ಟು ಬಾಗಿಲಲ್ಲಿ ನಿಂತಳು. ಅಣ್ಣ ಸ್ಟಾರ್ಟ್ ಮಾಡಿದ. ಸಣ್ಣ ಸೀಟಿಯಂಥ ಸದ್ದು ಎದ್ದಿತು. ಕುರಿಗಳೆಲ್ಲ ಒಟ್ಟಿಗೆ ತಲೆ ಎತ್ತಿದವು, ಒಟ್ಟಿಗೆ ಹಿಂದೆ ಸರಿದವು. ಮುಂದಾಳು ಕುರಿ ಎಂದು ಒಂದಿದೆ, ಕಿವಿ ಹರಿದ ಮುದಿ ಕುರಿ, ಅದು ಎತ್ತ ನಡೆದರೆ ಉಳಿದವೂ ಅತ್ತ. ಅದು ಅಣ್ಣನನ್ನು ನೋಡಿತು, ಗಾಡಿಯನ್ನು ನೋಡಿತು, ತಿರುಗಿ ನನ್ನ ಕಡೆ ನಡೆಯಿತು.

ನಾನು ಅಡ್ಡ ಹಾಕಿದೆ. ನಾಯಿ ಬೊಗಳಿತು. ಅಣ್ಣ ಸ್ವಲ್ಪ ಮುಂದೆ ಹೋಗಿ ನಿಂತು ಬಾಯಲ್ಲಿ ಕರೆದ. ನಾಲ್ಕು ಹೆಜ್ಜೆ ಬಂದವು, ಗಾಡಿ ಚೂರು ಏರಿಸಿದ ಕೂಡಲೇ ಚೆದುರಿ ಯಾರದೋ ಅಲಸಂದೆ ಹೊಲಕ್ಕೆ ನುಗ್ಗಿದವು. ಹೊಲದ ಯಜಮಾನ ನಮ್ಮಿಬ್ಬರನ್ನೂ ಸೇರಿಸಿ ಬಯ್ದ. ಮೂರು ಸಲ ಹೀಗೇ ಆಯಿತು. ಕುರಿಗಳಿಗೆ ಬುದ್ಧಿ ಇಲ್ಲ ಎಂದು ನಾನು ಕೂಗಾಡಿದೆ. ಕೊನೆಗೆ ಅಣ್ಣ ಗಾಡಿ ಆಫ್ ಮಾಡಿ ಕೆಳಗಿಳಿದ.

"ನೀನು ಹಿಂದಿನಿಂದ ಇದನ್ನ ಓಡಿಸ್ಕಂತ ಬಾ. ನಾ ಮುಂದ ನಡೀತೀನಿ" ಅಂದ.

ಹಿಂದಿನಿಂದ ಅಟ್ಟಲು ಆ ಸದ್ದು ಲಾಯಕ್ಕಾಗಿತ್ತು. ಅಣ್ಣ ಕೋಲು ಊರಿಕೊಂಡು ಮುಂದೆ ನಡೆದ, ಕುರಿಗಳು ನನ್ನಿಂದ ಓಡಿಹೋಗಲು ಅವನ ಹಿಂದೆ ನಡೆದವು. ಎಪ್ಪತ್ತು ಬೆನ್ನುಗಳ ಆಚೆ ಅವನ ತಲೆಯ ವಸ್ತ್ರ ಕಾಣುತ್ತಿತ್ತು. ಮೊದಲ ಮೈಲಿ ನೆಟ್ಟಗಿತ್ತು. ಎರಡನೇ ಮೈಲಿಗೆ ಒಂದು ಕಡೆ ವಾಲತೊಡಗಿತು. ಆಮೇಲೆ ಪ್ರತಿ ಹೆಜ್ಜೆಗೂ ಇಳಿದು ಏರುತ್ತಿತ್ತು. ಶಿರಾಳಕೊಪ್ಪದ ಪೇಟೆ ತಪ್ಪಿಸಿ ಸುತ್ತು ದಾರಿಯಲ್ಲಿ ಹೋಗುವ ಹೊತ್ತಿಗೆ ಅವನು ಐವತ್ತು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದ, ಕುರಿ ಮೇಯಲಿ ಎಂದು ನಿಲ್ಲಿಸಿದವನ ಹಾಗೆ. ಮೇಯಲು ಅಲ್ಲಿ ಏನೂ ಇರಲಿಲ್ಲ. ಮೂರು ಗಂಟೆಗೆ ಒಂದು ಕಲ್ಲಿನ ಮೇಲೆ ಕೂತವನು ಏಳಲಿಲ್ಲ. ಮುಖ ಬೂದಿಯಾಗಿತ್ತು. ಆ ದಿನದ ಅರ್ಧ ದಾರಿಯಷ್ಟೇ ಮುಗಿದಿತ್ತು.

ಅಲ್ಲೇ ಒಬ್ಬರ ಖಾಲಿ ಹೊಲ ಕೇಳಿಕೊಂಡು ಬಲೆ ಕಟ್ಟಿದೆವು. ಕಟ್ಟಿದ್ದು ನಾನೇ. ಅವನ ಸೊಂಟಕ್ಕೆ ಎಣ್ಣೆ ತಿಕ್ಕುವಾಗ ನನಗೆ ಅಳು ಬಂತು, ಅದನ್ನು ಮುಚ್ಚಿಕೊಳ್ಳಲು ಬಯ್ದೆ. ಅವನು ಬಯ್ಯಿಸಿಕೊಂಡ. ಅತ್ತಿಗೆ ಹೇಳಿದ್ದೇ ಸರಿ, ಇವನ ಕೈಲಿ ಆಗುವುದಿಲ್ಲ ಎಂದು ಆಗ ನಾನು ಮನಸ್ಸಿನಲ್ಲಿ ತೀರ್ಮಾನ ಮಾಡಿಬಿಟ್ಟೆ. ಅವಳು ಫೋನ್ ಮಾಡಿ ಹೇಗಾಯಿತು ಎಂದು ಕೇಳಿದಾಗ, "ಜಡೆ ಮುಟ್ಟಿದ ಮೇಲೆ ಹೇಳ್ತೀನಿ" ಎಂದಷ್ಟೇ ಹೇಳಿ ಇಟ್ಟೆ.

ಭಾನುವಾರ ಬೆಳಿಗ್ಗೆ ಅವನು ನಡೆಯುವ ಸ್ಥಿತಿಯಲ್ಲಿರಲಿಲ್ಲ. ಗಾಡಿ ಹತ್ತಿದ. ಕುರಿಗಳು ಈಗ ಸ್ವಲ್ಪ ಪಳಗಿದ್ದವು, ದೂರ ಬಿಟ್ಟುಕೊಂಡು, ಅನುಮಾನದಿಂದ ಹಿಂದೆ ಬಂದವು. ಒಂದು ಕೆರೆಯ ಏರಿಯಿಂದ ಕೆಳಕ್ಕೆ ಉದ್ದನೆಯ ಇಳಿಜಾರು. ಅಣ್ಣ ಥ್ರಾಟಲ್ ಪೂರ್ತಿ ಬಿಟ್ಟು, ಗೇರಿನಲ್ಲೇ ಇಳಿಸುತ್ತಿದ್ದ. ಅರ್ಧ ಇಳಿಯುವಷ್ಟರಲ್ಲಿ ಕೀರ್ ಎಂದು ಒಂದು ಸದ್ದಾಯಿತು, ಹಿಂದಿನ ಚಕ್ರ ನಿಂತು ಜಾರಿತು. ಅಣ್ಣನ ಎಡಗೈ ಆಗಲೇ ಕ್ಲಚ್ಚಿನ ಮೇಲಿತ್ತು. ಒತ್ತಿದ, ಗಾಡಿ ವಾಲಿತು, ಸರಿಯಾಯಿತು, ಕೆಳಗೆ ಹೋಗಿ ನಿಂತಿತು. ಅವನು ಮೊದಲೇ ಕಾದಿದ್ದವನಂತೆ ಬೆರಳು ಅಲ್ಲೇ ಇಟ್ಟುಕೊಂಡಿದ್ದ.

ನಾನು ಎದ್ದುಬಿದ್ದು ಓಡಿ ಹೋದೆ. ಸಿಲಿಂಡರಿನ ಹತ್ತಿರ ಕೈ ಒಯ್ಯಲಾಗುತ್ತಿರಲಿಲ್ಲ, ಅಷ್ಟು ಕಾದಿತ್ತು. ಪಿಸ್ಟನ್ನು ಒಂದು ಕ್ಷಣ ಕಚ್ಚಿಯೇ ಬಿಟ್ಟಿತ್ತು. ಅಣ್ಣ ನನ್ನನ್ನೂ ನೋಡದೆ, ಗಾಡಿಯನ್ನೂ ನೋಡದೆ, ಕೆರೆಯ ಕಡೆ ನೋಡುತ್ತ ಹೇಳಿದ.

"ಇಳಿಜಾರಿನಾಗ ಥ್ರಾಟಲ್ ಬಿಟ್ರ ಎಂಜಿನ್ ತಿರುಗ್ತಿರ್ತೈತಿ, ಪೆಟ್ರೋಲ್ ಬರಂಗಿಲ್ಲ. ಪೆಟ್ರೋಲ್ ಇಲ್ಲ ಅಂದ್ರ ಆಯಿಲ್ಲೂ ಇಲ್ಲ. ದಿನಾ ಕೆರಿಗೆ ಇಳಿಸ್ತೀನಲ್ಲ. ಮತ್ತ ಕುರಿ ಮುಂದ ನಡಿಗೀಲೆ ಹೋಗುವಾಗ ಗಾಳಿನೂ ಬಡಿಯಂಗಿಲ್ಲ, ಕಾಯ್ತೈತಿ. ಅದಕ್ಕ ಪೈಲಟ್ ಒಂದು ಸೈಜು ದೊಡ್ಡದು ಹಾಕಿದ್ದೆ. ಸೂಜಿ ಕೊನೀಗೆ ಇಟ್ಟಿದ್ದೆ. ಹೊಗಿ ಬರ್ತೈತಿ, ಬರ್ಲಿ."

ಯಾವನೋ ದಡ್ಡ ಎಂದು ನಾನು ಬಯ್ದದ್ದು ಅವನನ್ನೇ. ನಾನು ಹೇಳಿಕೊಟ್ಟ ವಿದ್ಯೆಯನ್ನು ಅವನು ಎರಡು ವರ್ಷ ಕೆರೆಯಂಗಳದಲ್ಲಿ ಒಬ್ಬನೇ ಕೂತು ಕುರಿಯ ನಡಿಗೆಗೆ ಹೊಂದಿಸಿಕೊಂಡಿದ್ದ. ನಾನು ಬಂದು ಅದನ್ನು ನೇರ ರಸ್ತೆಯ ಪಂದ್ಯಕ್ಕೆ ಕೂಡಿಸಿ ಚಪ್ಪಾಳೆ ತಟ್ಟಿದ್ದೆ. ಪೂರ್ತಿ ತಿರುವಿ ಓಡುವ ಗಾಡಿಗೆ ನನ್ನ ಹದ ಸರಿ. ಆದರೆ ಈ ಗಾಡಿ ಎರಡು ವರ್ಷದಿಂದ ಒಮ್ಮೆಯೂ ಪೂರ್ತಿ ತಿರುವಿಸಿಕೊಂಡಿರಲಿಲ್ಲ. ವಿಜ್ಞಾನದ ಟೀಚರಿಗೆ ಇದು ಹೊಳೆಯಬೇಕಿತ್ತು.

"ಮತ್ತೆ ಬಿಚ್ಚೋ ಮೊದಲೇ ಹೇಳೋಕೆ ನಿನಗೇನಾಗಿತ್ತು ಧಾಡಿ?" ಎಂದು ಕೂಗಿದೆ.

"ನಿಂಗ ಹೇಳೋದುಂಟಾ?" ಎಂದು ನಕ್ಕ. ಆಮೇಲೆ ಸಣ್ಣ ದನಿಯಲ್ಲಿ, "ಅವತ್ತು ರಸ್ತ್ಯಾಗ ಕುಣೀತಿದ್ದ್ಯಲ್ಲ. ಹ್ಯಾಂಗ ಹೇಳ್ಲಿ" ಅಂದ.

ಅಂಗಿಯ ಜೇಬಿನಿಂದ ಒಂದು ಕಾಗದದ ಪೊಟ್ಟಣ ತೆಗೆದ. ನಾನು ಕಿತ್ತು ನೆಲಕ್ಕೆ ಬಿಸಾಡಿದ್ದ ಪೈಲಟ್ ಜೆಟ್ಟನ್ನು ಆರಿಸಿ ಇಟ್ಟುಕೊಂಡಿದ್ದ. ನನಗೆ ಗೊತ್ತಾಗದಂತೆ ಮಧ್ಯೆ ಎಲ್ಲಾದರೂ ಹಾಕಿಕೊಳ್ಳಬಹುದೆಂದು ನೋಡುತ್ತಿದ್ದನಂತೆ. ನಾನು ಹಿಂದೆಯೇ ಅಂಟಿಕೊಂಡು ಬರುತ್ತಿದ್ದುದರಿಂದ ಆಗಿರಲಿಲ್ಲ.

ಒಂದು ಹೊಂಗೆ ಮರದ ಕೆಳಗೆ ಅವನ ತಲೆಯ ವಸ್ತ್ರ ಹಾಸಿದೆವು. ಎಂಜಿನ್ ಆರುವವರೆಗೆ ಬುತ್ತಿ ಬಿಚ್ಚಿ ರೊಟ್ಟಿ ತಿಂದೆವು. ಪಿಸ್ಟನ್ನು ಸಲೀಸಾಗಿ ತಿರುಗುತ್ತದೆಯೇ ಎಂದು ಕಿಕ್ ಒತ್ತಿ ನೋಡಿದೆ. ತಿರುಗುತ್ತಿತ್ತು, ಪುಣ್ಯ. ಪೈಲಟ್ಟು ಹಾಕಿದೆ. ಕ್ಲಿಪ್ಪನ್ನು ಕೊನೆಯ ಗೀರಿಗೆ ಇಳಿಸಿದೆ. ಉಳಿದದ್ದು ಗಾಳಿಯ ತಿರುಪು. ಅದು ಎಷ್ಟು ಸುತ್ತು ಇತ್ತೆಂದು ನಾನು ಎಣಿಸಿರಲಿಲ್ಲ, ಅವನಿಗೂ ಗೊತ್ತಿರಲಿಲ್ಲ. ಅವನು ಅದನ್ನು ಎಣಿಸಿ ಅಲ್ಲ, ಕೇಳಿ ಕೂಡಿಸಿದ್ದ.

"ಹೆಂಗಿತ್ತು ಸದ್ದು, ಹೇಳು" ಅಂದೆ.

ಅಣ್ಣ ಮರಕ್ಕೆ ಒರಗಿ ಕಣ್ಣು ಮುಚ್ಚಿದ. ತುಟಿ ಸಡಿಲ ಬಿಟ್ಟು ಬಾಯಲ್ಲಿ ಹೊಡೆದ: ಬುಡು ಬುಡು, ಬುಡ್, ಬುಡು ಬುಡು, ಬುಡ್. ಎರಡು ಸಲ ಬಡಿದು ಮೂರನೆಯದಕ್ಕೆ ಒಂದು ಸಣ್ಣ ಎಡವು. ನಾನು ಗಾಡಿ ಸ್ಟಾರ್ಟ್ ಮಾಡಿ ತಿರುಪನ್ನು ಕಾಲು ಸುತ್ತು ಒಳಗೆ ಹಾಕಿದೆ, ಅದು ಒಳಗೆ ಹೋದಷ್ಟೂ ಗಾಳಿ ಕಮ್ಮಿ. "ಇನ್ನೂ ತೆಳ್ಳಗೈತಿ" ಅಂದ. ಇನ್ನಷ್ಟು ಒಳಗೆ. "ಈಗ ಮಲಕ್ಕಂತು, ಎಬ್ಬಿಸು." ಚೂರು ಹೊರಗೆ. ಅವನು ಬಾಯಲ್ಲಿ, ನಾನು ಕೈಯಲ್ಲಿ. ದಾರಿಯಲ್ಲಿ ಹೋಗುತ್ತಿದ್ದ ಸೊಪ್ಪಿನ ಹೊರೆಯ ಹೆಂಗಸೊಬ್ಬಳು ನಿಂತು, ಐವತ್ತು ದಾಟಿದ ಗಂಡಸು ಮರದ ಕೆಳಗೆ ಕೂತು ಬುಡು ಬುಡು ಎನ್ನುವುದನ್ನು ನೋಡಿ, ಏನೂ ಕೇಳದೆ ಹೋದಳು. ನಮಗೆ ನಗು ತಡೆಯಲಾಗಲಿಲ್ಲ. ನಗುತ್ತ ನಗುತ್ತ ಅವನ ಸದ್ದು ಕೆಟ್ಟಿತು, ಮತ್ತೆ ಮೊದಲಿನಿಂದ ಶುರು ಮಾಡಿದೆವು.

ಸರಿಯಾದದ್ದು ನಮಗೆ ಗೊತ್ತಾಗುವ ಮೊದಲು ಕುರಿಗೆ ಗೊತ್ತಾಯಿತು. ಆ ಕಿವಿ ಹರಿದ ಮುದಿ ಕುರಿ ಏರಿಯ ಮೇಲೆ ಹುಲ್ಲು ಕಡಿಯುತ್ತಿದ್ದದ್ದು ತಲೆ ಎತ್ತಿತು. ಅಗಿಯುವುದನ್ನು ನಿಲ್ಲಿಸಿ ಕೇಳಿತು. ಆಮೇಲೆ ನಿಧಾನವಾಗಿ, ಯಾರೂ ಕರೆಯದೆ, ಇಳಿದು ಬಂದು ಗಾಡಿಯ ಹಿಂದಿನ ಚಕ್ರದ ಹತ್ತಿರ ನಿಂತುಕೊಂಡಿತು. ಒಂದೊಂದಾಗಿ ಉಳಿದವೂ ಬಂದವು. ನೀಲಿ ಹೊಗೆಯಲ್ಲಿ ಎಪ್ಪತ್ತು ಕುರಿ ಸಾಲಾಗಿ ನಿಂತಿದ್ದವು. ನಾನು ಜೀವನದಲ್ಲಿ ಕೂಡಿಸಿದ ಅತ್ಯಂತ ಕೆಟ್ಟ ಜೆಟ್ಟು ಅದು, ಪ್ಲಗ್ಗು ಬಿಚ್ಚಿ ನೋಡುವ ಧೈರ್ಯವೂ ಆಗಲಿಲ್ಲ. ಅಷ್ಟು ಸಂತೋಷ ಮಾತ್ರ ಯಾವ ಪಂದ್ಯ ಗೆದ್ದಾಗಲೂ ಆಗಿರಲಿಲ್ಲ.

ಅಲ್ಲಿಂದ ಮುಂದೆ ನನಗೆ ಕೆಲಸವೇ ಇರಲಿಲ್ಲ. ಅಣ್ಣ ಮುಂದೆ ಬುಡು ಬುಡು ಎಂದು ಹೋಗುತ್ತಿದ್ದ, ಕುರಿಗಳು ಅವನ ಹಿಂದೆ ಅಂಟಿದಂತೆ ನಡೆಯುತ್ತಿದ್ದವು. ಬಸ್ಸು ಬಂದರೆ ಅವನು ಬದಿಗೆ ಸರಿಯುತ್ತಿದ್ದ, ಎಪ್ಪತ್ತೂ ಸರಿಯುತ್ತಿದ್ದವು. ಆ ದಿನವೂ ಮರುದಿನವೂ ಅವನು ಬಲೆ ಕಟ್ಟುವಾಗ ಬಿಟ್ಟರೆ ನೆಲಕ್ಕೆ ಕಾಲಿಡಲಿಲ್ಲ. ನಾನು ಸೋಮವಾರಕ್ಕೆ ಇನ್ನೊಂದು ರಜೆ ಹಾಕಿದೆ.

ಜಡೆ ಮುಟ್ಟಿದ್ದು ಸೋಮವಾರ ಮಧ್ಯಾಹ್ನ, ಬರಬೇಕಾದದ್ದಕ್ಕಿಂತ ಒಂದು ದಿನ ತಡವಾಗಿ. ಗದ್ದೆಯ ಮನೆಯಾಕೆ ಬೇಲಿಯ ಹತ್ತಿರವೇ ನಿಂತಿದ್ದರು.

"ಎಂಥ ಮಾರಾಯ್ರೇ, ನಿನ್ನೆ ಬರ್ತೀರಿ ಅಂತ ಅನ್ನ ಮಾಡಿಟ್ಟು ಕಾದದ್ದೇ ಕಾದದ್ದು. ಎಂಥಾತೋ ಏನೋ ಅಂತ ನಿಮ್ಮ ಮನೆಗೆ ಫೋನೂ ಮಾಡಿದ್ದೆ ನೋಡಿ" ಅಂದರು. ಮಜ್ಜಿಗೆ ತರಲು ಒಳಗೆ ಹೋದರು.

ನಾನು ಗದ್ದೆಯ ಅಂಚಿನಲ್ಲಿ ಬಲೆಯ ಗೂಟ ಹೊಡೆಯುತ್ತಿದ್ದೆ. ಹತ್ತು ಹೆಜ್ಜೆ ಆಚೆ ಗಾಡಿಯ ಮೇಲೆ ಕೂತೇ ಇದ್ದ ಅಣ್ಣನ ಫೋನು ಹೊಡೆದುಕೊಂಡಿತು. ಅತ್ತಿಗೆ ಎಂದು ಅವನ ದನಿಯಿಂದಲೇ ಗೊತ್ತಾಯಿತು. ನಾನು ಕಲ್ಲು ಎತ್ತಿದವಳು ಹಾಗೇ ನಿಂತೆ.

"ಹೂಂ, ಮುಟ್ಟಿದ್ವಿ. ತಡ ಆಗಿದ್ದು ಹೌದು" ಅನ್ನುತ್ತಿದ್ದ. "ಗಾಡೀದೇನಿಲ್ಲ. ಗಾಡಿ ಬಂಗಾರ ಆಗೈತಿ. ನನ್ನ ತಂಗಿ ಕೈ ಬಿದ್ದ ಮ್ಯಾಲೆ ಕೇಳ್ಬೇಕಾ? ನನ್ನ ಕಾಲೇ ಹಿಡ್ಕಂತು. ಅದಕ್ಕ ಒಂದು ದಿನ ತಡ ಆತು."

ಆ ಮಾತಿಗೆ ಅವನು ಏನು ತೆರುತ್ತಿದ್ದಾನೆ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಕಾಲು ಹಿಡಿಯಿತು ಎಂದ ಮೇಲೆ ಅತ್ತಿಗೆ ಕೇಳಲು ಉಳಿದದ್ದೇನೂ ಇಲ್ಲ, ಕುರಿ ಹಿರೇಕೆರೂರಿಗೆ ಹೋದ ಹಾಗೇ. ತಂಗಿ ಜೆಟ್ ತಪ್ಪು ಹಾಕಿದಳು ಎಂಬ ಒಂದು ಮಾತು ಬಾಯಿಂದ ಬರಬಾರದೆಂದು ಅವನು ಎಪ್ಪತ್ತು ಕುರಿಯನ್ನೂ ಬಿಟ್ಟುಕೊಡುತ್ತಿದ್ದ. ಅವನ ಮೇಲೆ ನನಗೆ ಅಷ್ಟು ಪ್ರೀತಿ ಎಂದೂ ಬಂದಿರಲಿಲ್ಲ, ಅಷ್ಟು ಸಿಟ್ಟೂ ಬಂದಿರಲಿಲ್ಲ. ಕಲ್ಲು ಬಿಸಾಕಿ ಹೋಗಿ ಅವನ ಕೈಯಿಂದ ಫೋನ್ ಕಿತ್ತುಕೊಂಡೆ.

"ಅತ್ತಿಗೆ, ಅವನು ಹೇಳ್ತಿರೋದು ಸುಳ್ಳು. ಕಾಲು ನೊಂದಿದ್ದು ಹೌದು, ನೊಂದಿದ್ದು ನನ್ನಿಂದ. ನಾನು ಜೆಟ್ ತಪ್ಪು ಹಾಕಿದ್ದೆ. ಕುರಿಗೆ ಸದ್ದಿನ ಗುರುತು ಸಿಗಲಿಲ್ಲ, ಅವನು ಒಂದು ದಿನ ನಡೀಬೇಕಾಯ್ತು. ಅದನ್ನ ಸರಿ ಮಾಡಿದ ಮೇಲೆ ಗಾಡಿಯಿಂದ ಇಳಿದೇ ಇಲ್ಲ. ನಾನು ಹಿಂದೆ ಸುಮ್ನೆ ಕೋಲು ಬೀಸ್ಕೊಂಡು ಬಂದೆ ಅಷ್ಟೇ. ಅವನ ಕೈಲಿ ಆಗ್ತದೆ."

ಅಣ್ಣ ಫೋನಿಗೆ ಕೈ ಚಾಚಿದ, ನಾನು ಕೊಡಲಿಲ್ಲ.

"ನೀನು ತಪ್ಪು ಹಾಕಿದ್ಯಾ?" ಎಂದಳು ಅತ್ತಿಗೆ.

"ಹೂಂ."

"ಇನ್ನೊಂದು ಸಲ ಹೇಳು."

"ನಾನು ತಪ್ಪು ಹಾಕಿದೆ ಅತ್ತಿಗೆ."

ಆ ಕಡೆ ಮೂಗು ಸೊರ್ ಎಂದದ್ದು ಕೇಳಿಸಿತು. "ಹಂಗಾರ ಮುಂದಿನ ವರ್ಷ ಹೊರಡೋ ಮುಂದ ನೀನು ಆ ಗಾಡಿ ಹತ್ರ ಸುಳೀಬ್ಯಾಡ ಮಾರಾಯ್ತಿ" ಎಂದು ಇಟ್ಟಳು.

ಫೋನನ್ನು ಅಣ್ಣನಿಗೆ ಕೊಟ್ಟೆ. ಅವನು ನನ್ನ ಮುಖ ನೋಡಲಿಲ್ಲ, ಹ್ಯಾಂಡಲ್ಲಿನ ಮೇಲಿನ ಧೂಳನ್ನು ಬೆರಳಲ್ಲಿ ಒರೆಸುತ್ತಿದ್ದ. ಏನಂದಳು ಎಂದು ಕೇಳಿದ. ಮುಂದಿನ ವರ್ಷ ನಾನು ನಿನ್ನ ಗಾಡಿ ಮುಟ್ಟಬಾರದಂತೆ ಎಂದೆ.

ಒರೆಸುತ್ತಿದ್ದ ಬೆರಳು ನಿಂತಿತು.

"ಮುಂದಿನ ವರ್ಷ ಅಂದ್ಲಾ?" ಎಂದು ಕೇಳಿದ.

"ಹೂಂ" ಅಂದೆ. "ಮುಂದಿನ ವರ್ಷ ಅಂತಲೇ ಅಂದಳು."